ಕಣ್ಣಿಲ್ಲದ ಆಜ್ಞೆ

ನಮ್ಮೂರಿನ ಹೆಸರೇನು ಎಂದು ಕೇಳಬೇಡಿ. ಹೇಳಬಾರದೆಂದಲ್ಲ, ಹೇಳಿದರೂ ನೀವು ಬಸ್ಸು ಹತ್ತಿ ಬರುವಷ್ಟರಲ್ಲಿ ಅದು ಬೇರೆಯಾಗಿರುತ್ತದೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಊರ ಬಾಯಲ್ಲಿ ನಿಂತಿರುವ ಕಲ್ಲಿನ ಮೇಲೆ ಹೊಸ ಹೆಸರು ಮೂಡಿರುತ್ತದೆ. ಯಾರೂ ಕೆತ್ತುವುದಿಲ್ಲ, ಯಾರೂ ಬರೆಯುವುದಿಲ್ಲ. ಒಂದು ತಿಂಗಳು ನಾವು ತಂಬೂರಿಯವರಾಗಿದ್ದೆವು. ಇನ್ನೊಂದು ತಿಂಗಳು ಹಿತ್ತಿಲಬಾಗಿಲಿನವರು. ಒಮ್ಮೆ ಕಲ್ಲು ‘ಬ್ಯಾಡ’ ಎಂದು ಬರೆದುಕೊಂಡು ಕೂತಿತು. ಆ ತಿಂಗಳು ಹೆಣ್ಣು ನೋಡಲು ಬಂದ ಬೀಗರು ಹುಡುಗಿಯನ್ನು ನಿಮ್ಮದು ಯಾವೂರವ್ವಾ ಎಂದು ಕೇಳಿದರು, ಅವಳು ತಲೆ ತಗ್ಗಿಸಿ ಬ್ಯಾಡ ಎಂದಳು, ಅವರು ಚಹಾ ಕೂಡ ಕುಡಿಯದೆ ಎದ್ದು ಹೋದರು. ಬಸ್ಸಿನ ಕಂಡಕ್ಟರುಗಳು ಬುದ್ಧಿವಂತರು. ‘ನಿಮ್ಮೂರು ಬಂತು, ಇಳೀರಿ’ ಎಂದಷ್ಟೇ ಕೂಗುತ್ತಾರೆ.

ಹೆಸರು ಬದಲಾಗುವುದರಿಂದ ನಮಗೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮೊಹರು ಬಿದ್ದ ಕಾಗದಗಳದ್ದು. ಹಳೆಯ ಹೆಸರಿರುವ ಮೊಹರಿನ ಕಾಗದ ಅಮಾವಾಸ್ಯೆಯ ಸೂರ್ಯ ಮುಳುಗಿದೊಡನೆ ಎದ್ದು ಹೊರಡುತ್ತದೆ. ಗಾಳಿಯೇ ಬೇಕಿಲ್ಲ. ಮನೆಯ ಹಕ್ಕುಪತ್ರ, ಅಂಗಡಿಯ ಪರವಾನಗಿ, ಹೊಲದ ಉತಾರ, ಎಲ್ಲವೂ ಕೊಕ್ಕರೆಗಳ ಹಾಗೆ ಸಾಲಾಗಿ ಕಲ್ಲು ದಾಟಿ, ಹಳ್ಳ ದಾಟಿ ಹೋಗಿಬಿಡುತ್ತವೆ. ಟ್ರಂಕಿನಲ್ಲಿಟ್ಟು ಬೀಗ ಹಾಕಿದವರ ಟ್ರಂಕೇ ಹೋಯಿತು. ಅಕ್ಕಸಾಲಿ ಪತ್ತಾರರ ಪೈಕಿ ಒಬ್ಬರು ಕಾಗದವನ್ನು ಹೊಟ್ಟೆಗೆ ಕಟ್ಟಿಕೊಂಡು ಮಲಗಿದರು. ಅವರನ್ನು ಹಳ್ಳದಾಚೆಯ ಜಾಲಿಕಂಟಿಯಿಂದ ಬಿಡಿಸಿಕೊಂಡು ಬರಬೇಕಾಯಿತು. ಊರಿನ ಹೆಸರನ್ನೇ ಬರೆಯದೆ ಬಿಟ್ಟು ನೋಡಿದವರೂ ಇದ್ದಾರೆ. ಅಂಥ ಕಾಗದ ಸಂಜೆಯ ತನಕವೂ ಕಾಯಲಿಲ್ಲ, ಮಧ್ಯಾಹ್ನಕ್ಕೇ ಹೋಯಿತು.

ಹಾಗಾಗಿ ಅಮಾವಾಸ್ಯೆ ಎಂದರೆ ಊರೆಲ್ಲ ನಮ್ಮ ಟೈಪಿಂಗ್ ಅಂಗಡಿಯ ಮುಂದೆ. ನನ್ನ ಗಂಡ ಶಿವಪುತ್ರಪ್ಪ ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ಕಾಗದ ತೆಗೆದು, ಹಳೆಯ ಹೆಸರು ಹುಡುಕಿ, ಅಳಿಸಿ, ಹೊಸದು ಬರೆದು, ಪ್ರಿಂಟ್ ಮಾಡಿ ಕೊಡುವರು. ಅಂಗಡಿಯ ಎದುರು ಬೇವಿನ ಮರದಡಿ ದಸ್ತಗೀರ್ ಸಾಹೇಬರು ಮೊಹರು ಹಿಡಿದು ಕೂತಿರುವರು. ಹೊಸ ಹೆಸರಿಗೆ ಮೊಹರು ಬಿತ್ತೆಂದರೆ ಮುಂದಿನ ಅಮಾವಾಸ್ಯೆಯ ತನಕ ಆ ಕಾಗದ ಮಿಸುಕಾಡುವುದಿಲ್ಲ.

ಇದರಲ್ಲಿ ಹೊಟ್ಟೆ ತುಂಬಿಸಿಕೊಂಡವರು ಒಬ್ಬರಿದ್ದರು, ಮಲ್ಲಿನಾಥಪ್ಪ ಧಣಿಗಳು. ಊರಿನ ಅರ್ಧ ಹೊಲ, ಗೋದಾಮು, ಗಿರಣಿ ಅವರದು. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಅವರ ಆಳು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮೊದಲು ಬಂದವರದು ಮೊದಲು ಮುಗಿಯಬೇಕು, ಅದು ಊರಿನ ರೂಢಿ. ಧಣಿಗಳ ಕಾಗದಗಳಲ್ಲಿ ಊರಿನ ಹೆಸರು ಸಾಲಿಗೊಂದು ಸಲ. ಅವುಗಳನ್ನು ಒಂದೊಂದೇ ಹುಡುಕಿ ತಿದ್ದುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಸರದಿಯ ತುದಿಯಲ್ಲಿದ್ದ ಬಡವರ ಕಾಗದ ಆಕಾಶಕ್ಕೆ. ಮರುದಿನ ಧಣಿಗಳು ಕಾಗದವಿಲ್ಲದ ಜಾಗಕ್ಕೆ ಅರ್ಜಿ ಹಾಕುವರು. ಕುಂಬಾರ ಓಣಿಯಲ್ಲಿ ಹೀಗೆ ಆಗಲೇ ಕೆಲವು ಮನೆ ಹೋಗಿದ್ದವು. ಉಳಿದವನ್ನೂ ಕೆಡವಿ ದೊಡ್ಡ ಕಲ್ಯಾಣಮಂಟಪ ಕಟ್ಟಿಸುವ ಆಸೆ ಅವರಿಗಿದೆ ಎಂದು ಊರಿಗೆಲ್ಲ ಗೊತ್ತಿತ್ತು.

ಊರು ‘ಮಲ್ಲಿ’ ಎಂಬ ಹೆಸರಿನಲ್ಲಿದ್ದ ತಿಂಗಳು ನಮ್ಮ ಯಜಮಾನರು ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಮೊಣಕೈಯಿಂದ ಅಂಗೈವರೆಗೆ ಪಟ್ಟಿ. ಬೆರಳ ತುದಿಗಳಷ್ಟೇ ಹೊರಗೆ. ಅಮಾವಾಸ್ಯೆ ಹತ್ತಿರದಲ್ಲಿತ್ತು.

ಸುದ್ದಿ ಕೇಳಿ ಧಣಿಗಳು ಸೇಬು ಹಣ್ಣು ತಂದು ನೋಡಿಕೊಂಡು ಹೋದರು. ‘ಪಾಪ, ಈ ಸಲ ಅಂಗಡಿ ತೆರೀಬ್ಯಾಡ್ರಿ. ಆರೋಗ್ಯ ಮುಖ್ಯ’ ಎಂದರು. ಅವರದೇನೂ ಚಿಂತೆ ಇರಲಿಲ್ಲ, ಪಟ್ಟಣದಿಂದ ಒಬ್ಬ ಟೈಪಿನವನನ್ನು ಕರೆಸಿ ತಮ್ಮಷ್ಟಕ್ಕೆ ಮಾಡಿಸಿಕೊಳ್ಳಬಲ್ಲರು. ಅವರು ಹೊಸ್ತಿಲು ದಾಟಿದೊಡನೆ ಕುಂಬಾರ ಓಣಿಯ ಸಂಕವ್ವ ಬಂದಳು. ಅವಳು ಹಣ್ಣು ತಂದಿರಲಿಲ್ಲ. ಪಟ್ಟಿ ಕಟ್ಟಿದ ಕೈ ನೋಡಿ ನೆಲಕ್ಕೆ ಕೂತುಬಿಟ್ಟಳು.

‘ಹಂಗಾರ ನಮ್ಮ ಓಣಿ ಮುಗೀತೇನ್ರಿ?’

ರೊಟ್ಟಿ ಬಡಿಯುತ್ತಿದ್ದ ನನ್ನ ಅತ್ತೆ ಫಕೀರವ್ವ ಒಳಗಿನಿಂದಲೇ ಕೂಗಿದರು, ‘ಯಾಕ ಮುಗೀತೈತಿ? ನಾವಿಬ್ಬರು ಕಲೀತೀವಿ. ನನ್ನ ಮಗಾ ಕಲತಾನಂದ್ರ ಅದೇನ್ ಭಾಳ ದೊಡ್ಡ ವಿದ್ಯೆ ಇರಲಿಕ್ಕಿಲ್ಲ.’

ನಮ್ಮ ಕಂಪ್ಯೂಟರ್ ಬಹಳ ಹಳೆಯದು. ಕಪ್ಪು ಪರದೆ, ಬಿಳಿ ಅಕ್ಷರ. ಅದರ ಮೌಸಿನ ತಂತಿಯನ್ನು ನಿಜವಾದ ಇಲಿಯೊಂದು ಕಡಿದು ವರ್ಷಗಳಾಗಿದ್ದವು. ಹಾಗಾಗಿ ಎಲ್ಲವೂ ಕೀಲಿಯಿಂದಲೇ. ಆ ಮೆಷಿನ್ನಿಗೆ ಎರಡು ಮನಸ್ಸು. ಒಂದು ಮನಸ್ಸಿನಲ್ಲಿದ್ದಾಗ ನೀವು ಒತ್ತಿದ್ದು ಅಕ್ಷರವಾಗಿ ಮೂಡುತ್ತದೆ. ಇನ್ನೊಂದರಲ್ಲಿದ್ದಾಗ ಅದೇ ಕೀಲಿ ಅಪ್ಪಣೆಯಾಗುತ್ತದೆ. ಮೂಲೆಯ ಕೀಲಿ ಒತ್ತಿದರೆ ಬರೆಯುವ ಮನಸ್ಸು ಹೋಗಿ ಅಪ್ಪಣೆ ಕೇಳುವ ಮನಸ್ಸು ಬರುತ್ತದೆ. ಯಾವ ಹೊತ್ತಿಗೆ ಯಾವ ಮನಸ್ಸಿನಲ್ಲಿದೆ ಎಂದು ಮುಖ ನೋಡಿ ತಿಳಿಯುವ ಹಾಗಿಲ್ಲ. ‘ಥೇಟ್ ನಿಮ್ಮ ಮಾವನ ಹಂಗ’ ಎಂದರು ಅತ್ತೆ.

ಕಲಿಸುವವರು ಯಜಮಾನರು. ಮೊದಲ ಪಾಠದಲ್ಲೇ ನಮಗೊಂದು ವಿಷಯ ಗೊತ್ತಾಯಿತು. ಅಷ್ಟು ವರ್ಷ ಆ ಕೆಲಸ ಮಾಡಿದ್ದು ಅವರ ಬೆರಳುಗಳು, ಅವರಲ್ಲ.

‘ಒಂದು ಸಾಲು ಅಳಸಬೇಕಂದ್ರ ಏನ್ ಒತ್ತತೀರಿ?’ ಎಂದು ಕೇಳಿದೆ.

ಅವರು ಪಟ್ಟಿ ಕಟ್ಟಿದ ಕೈಯನ್ನೇ ನೋಡಿಕೊಂಡರು. ‘ಅದು... ಬೆರಳು ತಾವ ಒತ್ತತಾವ. ನಾ ಯಾವತ್ತೂ ಬಗ್ಗಿ ನೋಡಿಲ್ಲ.’

ಅತ್ತೆ ಕೀಲಿಮಣೆಯನ್ನೇ ಎತ್ತಿ ಮಗನ ಹೊಟ್ಟೆಯ ಮೇಲಿಟ್ಟರು. ‘ಕಣ್ಣು ಮುಚ್ಚು. ಧಣ್ಯಾರ ಕಾಗದ ಮುಂದೈತಿ ಅನ್ಕೋ. ಈಗ ಸಾಲು ಅಳಸು.’ ಪಟ್ಟಿಯ ತುದಿಯಲ್ಲಿ ಬೆರಳುಗಳು ಏಡಿಯ ಕಾಲುಗಳಂತೆ ಮಿಡುಕಿದವು. ನಾನು ನೋಡಿ ಕೂಗಿದೆ, ‘ಡಿ! ಎರಡು ಸಲ ಡಿ!’

ಅತ್ತೆಗೆ ಇಂಗ್ಲಿಷ್ ಓದು ಬಾರದು. ಆದರೆ ಹಪ್ಪಳ, ಸಂಡಿಗೆ, ರಂಗೋಲಿ ಹಾಕಿದ ಕಣ್ಣು. ಸಂಜೆಯೊಳಗೆ ಎಲ್ಲ ಕೀಲಿಗೂ ಹೆಸರಿಟ್ಟುಬಿಟ್ಟರು. ಎಸ್ ಎಂದರೆ ಹಾವು. ಎ ಎಂದರೆ ಏಣಿ. ಕ್ಯೂ ಬಾಲದ ಸೊನ್ನೆ. ಸಿ ಒಡೆದ ಬಳೆ. ಜಿ ಕೊಕ್ಕೆ. ಅಂಕಿ ಎರಡರ ನೆತ್ತಿಯ ಮೇಲೆ ಸುರುಳಿ ಸುತ್ತಿ ಕೂತ ಗುರುತು ಜಿಲೇಬಿ. ಯು ಲಾಳ. ಈ ಲಾಳದ ಮೇಲೆ ಅವರಿಗೆ ಬಹಳ ಪ್ರೀತಿ ಹುಟ್ಟಿತು. ಯಾಕೆಂದರೆ ಕಲಿಯುವ ಭರದಲ್ಲಿ ನಾನು ಯಾವ ಮನಸ್ಸು ಎಂದು ನೋಡದೆ ಏನೇನೋ ಒತ್ತಿ, ಒಂದು ಮದುವೆ ಕಾಗದದಿಂದ ವರನ ಸಾಲನ್ನೇ ಮಾಯ ಮಾಡಿದ್ದೆ.

‘ಹುಡುಗಿ ಪುಣ್ಯಾ ಮಾಡ್ಯಾಳ’ ಎಂದರು ಅತ್ತೆ.

ಯಜಮಾನರ ಬೆರಳು ಲಾಳದತ್ತ ಹೋಯಿತು. ಒತ್ತಿದೆ. ವರ ತಂದೆತಾಯಿ ಸಮೇತ ವಾಪಸ್ಸು ಬಂದ. ಮಾಡಿದ್ದನ್ನು ಮಾಡದ ಹಾಗೆ ಮಾಡುವ ಕೀಲಿ! ಅತ್ತೆ ಅದನ್ನು ಸವರಿ ನೋಡಿದರು. ‘ನನ್ನ ಲಗ್ನದ ದಿವಸಾ ಬರೂತನಕ ಒತ್ತಬೇಕು ಅನಸತೈತಿ ನೋಡು.’

ಒಂದೆರಡು ದಿನದಲ್ಲಿ ಹುಡುಕುವುದು, ಅಳಿಸುವುದು, ಬರೆಯುವುದು ಬಂತು. ಆದರೆ ನಿಧಾನ. ನಮ್ಮ ವೇಗದಲ್ಲಿ ಊರಿನ ಕಾಗದ ಮುಗಿಯಬೇಕಾದರೆ ಸೂರ್ಯನನ್ನು ಯಾರಾದರೂ ಹಿಡಿದು ನಿಲ್ಲಿಸಬೇಕಿತ್ತು. ಆಗ ಯಜಮಾನರು ಬಾಯಿ ತಪ್ಪಿ ಅಂದರು, ‘ಒಮ್ಮೆಗೇ ಎಲ್ಲಾ ಕಡೆ ಬದಲಿ ಮಾಡೂದೊಂದು ಆಜ್ಞೆ ಐತಿ. ಆದ್ರ ಅದು ಬ್ಯಾಡ.’

ಅತ್ತೆಯ ಕಿವಿ ನೆಟ್ಟಗಾದವು. ‘ಯಾಕ ಬ್ಯಾಡ?’

‘ಅದಕ್ಕ ಕಣ್ಣಿಲ್ಲ ಯವ್ವಾ. ಹೇಳಿದ್ದು ಮಾಡತೈತಿ, ನೋಡಿ ಮಾಡೂದಿಲ್ಲ. ಬೇಕಂದ್ರ ಕೊನೀಗೆ ಒಡೆದ ಬಳಿ ಒಂದು ಹಾಕಬೇಕು. ಆಗ ಒಂದೊಂದಕ್ಕೂ ನಿಂತು ಹೌದೋ ಅಲ್ಲೋ ಕೇಳತೈತಿ. ಕೇಳಿದ್ರ ಮತ್ತ ಹೊತ್ತಾತು.’

‘ಕಣ್ಣು ನಮಗದಾವಲ್ಲ. ಬೆರಳು ಆಡಸು.’

ಅವರು ಮುಷ್ಟಿ ಬಿಗಿ ಹಿಡಿದರು. ಅತ್ತೆ ಮಗನ ಅಂಗಾಲಿಗೆ ಕಚಗುಳಿ ಇಟ್ಟರು. ಪಟ್ಟಿಯ ತುದಿಯ ಬೆರಳುಗಳು ತೆರೆದುಕೊಂಡವು. ಹಾಗೆ ಆ ಆಜ್ಞೆ ನಮ್ಮ ಕೈಗೆ ಬಂತು. ಅತ್ತೆ ಅದನ್ನು ಒಗಟಿನ ಹಾಗೆ ಬಾಯಿಪಾಠ ಮಾಡಿದರು: ಎರಡು ಬೊಟ್ಟು, ಸೊನ್ನೆ ಕೋಲು ಸೊನ್ನೆ, ಹಾವು, ಒರಗಿದ ಕೋಲು, ಹಳೇ ಹೆಸರು, ಕೋಲು, ಹೊಸ ಹೆಸರು, ಕೋಲು, ಕೊಕ್ಕೆ.

ಇನ್ನೊಂದು ವಿದ್ಯೆಯೂ ಬಂತು. ಬಾಲದ ಸೊನ್ನೆ ಒತ್ತಿ, ಏಣಿ ಒತ್ತಿ, ಆಮೇಲೆ ನೀವು ಏನೇನು ಮಾಡುತ್ತೀರೋ ಅದನ್ನೆಲ್ಲ ಮೆಷಿನ್ ಸುಮ್ಮನೆ ನೋಡಿಕೊಳ್ಳುತ್ತದೆ. ಮತ್ತೆ ಬಾಲದ ಸೊನ್ನೆ ಒತ್ತಿದರೆ ನೋಡುವುದು ಮುಗಿಯಿತು. ಆಮೇಲೆ ಜಿಲೇಬಿ, ಏಣಿ ಎಂದರೆ ಸಾಕು, ಅಷ್ಟನ್ನೂ ತಾನೇ ಮಾಡುತ್ತದೆ. ಅದಕ್ಕೂ ಮೊದಲು ಒಂದು ಅಂಕಿ ಒತ್ತಿದರೆ ಅಷ್ಟು ಸಲ ಮಾಡುತ್ತದೆ. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅತ್ತೆಗೆ ಕೂಡಲೇ ಹೊಳೆಯಿತು.

‘ಒಂದು ರೊಟ್ಟಿ ಬಡದು ತೋರಸೂದು. ಉಳಿದ ಹಿಟ್ಟು ಅದ ಬಡೀತೈತಿ. ಇಷ್ಟ ಹೌದಲ್ಲೋ?’

‘ಹೌದು ಯವ್ವಾ. ಆದ್ರ ಮೊದಲನೇ ರೊಟ್ಟಿ ಸೊಟ್ಟ ಆದ್ರ ಎಲ್ಲಾವೂ ಸೊಟ್ಟ.’

ಅಮಾವಾಸ್ಯೆಯ ಬೆಳಿಗ್ಗೆ ಕಲ್ಲಿನ ಮೇಲೆ ‘ಹುರಳಿ’ ಎಂದಿತ್ತು. ಊರವರು ಮೂಗು ಮುರಿದರು. ಹೋದ ತಿಂಗಳು ಮಲ್ಲಿಯಂಥ ಚಂದದ ಹೆಸರು, ಈಗ ಹುರಳಿ. ಆದರೆ ಕಲ್ಲಿನ ಹತ್ತಿರ ವಾದ ಮಾಡುವುದು ಯಾರು?

ನಾವು ಅಂಗಡಿ ತೆರೆಯುತ್ತೇವೆಂಬ ಸುದ್ದಿ ಧಣಿಗಳಿಗೆ ಮುಟ್ಟಿತ್ತು. ಪಟ್ಟಣದ ಟೈಪಿನವನನ್ನು ಬೇಡವೆಂದು, ತಾವೇ ಬಂದರು. ಇಬ್ಬರು ಹೆಂಗಸರು, ಹೊಸ ಕೈ. ತಮ್ಮ ಕಟ್ಟನ್ನು ಮೊದಲಿಟ್ಟರೆ ಅದು ಮುಗಿಯುವಷ್ಟರಲ್ಲಿ ಸಂಜೆಯಾಗಿ ಉಳಿದವರದೆಲ್ಲ ಹಾರಿಹೋಗುತ್ತದೆ ಎಂಬ ಲೆಕ್ಕ. ಆಳಿನ ಕೈಯಲ್ಲಿ ಲೋಡು, ತಂಬಿಗೆ, ಅವಲಕ್ಕಿ ಡಬ್ಬಿ. ಎಂದಿನ ಕಾಗದಗಳ ಜೊತೆಗೆ ಹೊಸದೊಂದು ಅರ್ಜಿಯೂ ಇತ್ತು. ಕುಂಬಾರ ಓಣಿಯ ಕಾಗದವಿಲ್ಲದ ಜಾಗವೆಲ್ಲ ಈ ಕೆಳಗೆ ಹೆಸರಿಸಿದವರಿಗೆ ಸೇರತಕ್ಕದ್ದು ಎಂದು ಅದರ ಒಕ್ಕಣೆ. ನಾಳೆಯ ಕೆಲಸವನ್ನು ಇಂದೇ ಬರೆಸಿಟ್ಟಿದ್ದರು.

‘ಅವಸರ ಇಲ್ಲ ಫಕೀರವ್ವ. ಸಾವಕಾಶ ಮಾಡ್ರಿ. ನಾ ಇಲ್ಲೇ ಕೂತಿರತೀನಿ’ ಎಂದು ಲೋಡಿಗೆ ಒರಗಿದರು.

ಯಜಮಾನರನ್ನು ಅತ್ತೆ ಮನೆಗೆ ಅಟ್ಟಿದ್ದರು. ಮಗನ ಮುಖ ನೋಡಿದರೆ ಒಗಟು ಮರೆಯುತ್ತದಂತೆ. ನಾನು ಧಣಿಗಳ ಕಡತ ತೆಗೆದುಕೊಟ್ಟೆ. ಅತ್ತೆ ಸೆರಗು ಸಿಕ್ಕಿಸಿ, ತುಟಿಯಲ್ಲೇ ಒಗಟು ಹೇಳಿಕೊಳ್ಳುತ್ತ ಒಂದೊಂದೇ ಕೀಲಿ ಒತ್ತಿದರು. ಹೆಸರುಗಳನ್ನು ನಾನು ಬರೆದೆ. ಕೊನೆಯ ಕೋಲು, ಕೊಕ್ಕೆ. ದೊಡ್ಡ ಕೀಲಿ ಒತ್ತಿದರು. ಪರದೆ ಒಮ್ಮೆ ಕಣ್ಣು ಮಿಟುಕಿಸಿತು.

ಧಣಿಗಳು ಇನ್ನೂ ಎಲೆಯಡಿಕೆ ಸಂಚಿಯ ದಾರ ಬಿಚ್ಚುತ್ತಿದ್ದರು.

‘ಆತ್ರಿ’ ಎಂದರು ಅತ್ತೆ.

‘ಏನಾತು?’

‘ನಿಮ್ದು. ಎಲ್ಲಾ.’

‘ಎಲ್ಲಾ?’ ಅವರ ಮುಖ ಇಳಿದದ್ದು ಇಂದಿಗೂ ನನ್ನ ಕಣ್ಣಲ್ಲಿದೆ. ಎದ್ದು ಬಂದು ಪರದೆಯ ಮೇಲಿನ ಮೊದಲ ಸಾಲು ನೋಡಿದರು. ಊರು: ಹುರಳಿ. ತಕರಾರು ತೆಗೆಯಲು ಏನೂ ಇರಲಿಲ್ಲ. ಪ್ರಿಂಟರ್ ಮಾತ್ರ ಒಂದಷ್ಟು ಹೊತ್ತು ಕಿರುಚಿತು, ಆದರೆ ಮಧ್ಯಾಹ್ನಕ್ಕೆ ಬಹಳ ಮೊದಲೇ ಕಟ್ಟು ಅವರ ಕೈಯಲ್ಲಿತ್ತು. ಕೂರಲು ನೆಪವಿಲ್ಲದೆ, ಆಳಿನ ಕೈಯಲ್ಲಿ ಲೋಡು ಹೊರಿಸಿ, ಸಾಹೇಬರ ಹತ್ತಿರ ಹೋಗಿ ಧಡ ಧಡ ಮೊಹರು ಹಾಕಿಸಿಕೊಂಡರು. ಸಾಹೇಬರು ನೋಡುವುದು ಊರಿನ ಹೆಸರನ್ನು ಮಾತ್ರ. ಉಳಿದದ್ದು ಕಾಗದದ ಧಣಿಯ ಹಣೆಬರಹ ಎಂಬುದು ಅವರ ಮಾತು.

ಮುಂದಿನ ಸರದಿ ಹೂ ಮಾರುವ ದ್ಯಾಮವ್ವನದು. ಅತ್ತೆ ಅದೇ ಒಗಟು ಒತ್ತಿ, ಪ್ರಿಂಟ್ ತೆಗೆದು ಕೊಟ್ಟರು. ದ್ಯಾಮವ್ವ ಓದಿಕೊಂಡಳು. ಮತ್ತೊಮ್ಮೆ ಓದಿಕೊಂಡಳು.

‘ಯವ್ವಾ, ಏನಿದು? ಹುರಳಿಗೆ ಹೂವಿನ ವ್ಯಾಪಾರ ಅಂತ ಐತಿ? ಹುರಳಿಗೆ ನಾ ಯಾವಾಗ ಹೂ ಮಾರೀನಿ?’

ನಾನು ಕಾಗದ ಕಸಿದುಕೊಂಡೆ. ಮಲ್ಲಿಗೆ ಇದ್ದಲ್ಲೆಲ್ಲ ಹುರಳಿಗೆ. ಕೆಳಗೆ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ಎಂದು ಇರಬೇಕಾದಲ್ಲಿ ‘ತಮ್ಹುರಳಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದಿತ್ತು. ಮಲ್ಲಿ ಎಂಬ ಎರಡಕ್ಷರ ಎಲ್ಲೆಲ್ಲಿ ಅಡಗಿ ಕೂತಿತ್ತೋ ಅಲ್ಲಲ್ಲಿಂದ ಅದನ್ನು ಕಿತ್ತು ಹುರಳಿ ಬಿತ್ತಿತ್ತು ಆ ಕಣ್ಣಿಲ್ಲದ ಆಜ್ಞೆ. ಮಲ್ಲಿಗೆ ಹೀಗಾದರೆ, ಮಲ್ಲಿನಾಥಪ್ಪ?

‘ಅತ್ತೀ’ ಎಂದೆ ಮೆಲ್ಲಗೆ. ‘ಧಣ್ಯಾರು ಹುರಳಿನಾಥಪ್ಪ ಆಗ್ಯಾರ.’

ಅತ್ತೆ ಲಾಳ ಒತ್ತಿ ದ್ಯಾಮವ್ವನ ಹೂವನ್ನು ಸರಿ ಮಾಡಿದರು. ಆಮೇಲೆ ಕುತ್ತಿಗೆ ಚಾಚಿ ಹೊರಗೆ ನೋಡಿದರು. ಧಣಿಗಳು ಬೀದಿಯ ತಿರುವಿನಲ್ಲಿ ಇನ್ನೂ ಕಾಣುತ್ತಿದ್ದರು.

‘ಕರೀಲೇನು?’ ಎಂದೆ.

ಅತ್ತೆ ಸರದಿಯನ್ನು ನೋಡಿದರು. ಅದರ ತುದಿಯಲ್ಲಿ, ಬಿಸಿಲಲ್ಲಿ, ಕುಂಬಾರ ಓಣಿಯವರು ಮಕ್ಕಳು ಮರಿ ಕಟ್ಟಿಕೊಂಡು ನಿಂತಿದ್ದರು. ‘ಪಾಪ, ಅವರಿಗೆ ಅವಸರ ಇದ್ದಂಗ ಐತಿ’ ಎಂದರು. ‘ನಮಗೂ ಐತಿ. ಮುಂದಿನವರು ಬರ್ರಿ!’

ಅಲ್ಲಿಂದ ಮುಂದೆ ಒಮ್ಮೆಗೇ ಮಾಡುವ ಧೈರ್ಯ ನಮಗಿರಲಿಲ್ಲ. ಒಡೆದ ಬಳೆ ಸೇರಿಸಿ, ಒಂದೊಂದಕ್ಕೂ ಹೌದು, ಅಲ್ಲ, ಹೌದು ಎನ್ನುತ್ತ ಮಾಡತೊಡಗಿದೆವು. ಬೆನ್ನು ನೋಯಿತು, ಕಣ್ಣು ಉರಿಯಿತು. ಹೊತ್ತು ಜಾರಿತು. ಬೇವಿನ ನೆರಳು ಬೀದಿಯ ಆಚೆ ದಡ ಮುಟ್ಟಿದಾಗ ಕುಂಬಾರ ಓಣಿಯ ಸರದಿ ಬಂತು. ಸಂಕವ್ವನ ಕೈಯಲ್ಲಿ ಓಣಿಯ ಹಳೆಯ ಹಕ್ಕುಪತ್ರಗಳ ಗಂಟು. ಗಂಟು ಆಗಲೇ ಸಣ್ಣಗೆ ಉಸಿರಾಡುತ್ತಿತ್ತು.

ಓಣಿಯ ಕಾಗದವೆಲ್ಲ ಒಂದೇ ಕಡತದಲ್ಲಿದ್ದವು, ಒಂದು ಮನೆಗೆ ಒಂದು ಹಾಳೆ. ಬಡವರ ಕಾಗದದಲ್ಲಿ ಊರಿನ ಹೆಸರು ಬರುವುದು ಒಂದೇ ಸಲ, ಮೇಲಿನ ಸಾಲಿನಲ್ಲಿ. ಸುಲಭವೆಂದು ಕೂತೆ. ನೋಡಿದರೆ ಆ ಒಂದು ಸಾಲೂ ಒಂದೊಂದು ಹಾಳೆಯಲ್ಲಿ ಒಂದೊಂದು ಥರ. ಪ್ರತಿ ತಿಂಗಳೂ ಕತ್ತಲಾಗುವ ಗಾಬರಿಯಲ್ಲಿ ಯಜಮಾನರು ಕುಟ್ಟಿದ್ದು, ಅದೇ ಗಾಬರಿಯಲ್ಲಿ ಸಾಹೇಬರು ಮೊಹರು ಒತ್ತಿದ್ದು. ಒಂದರಲ್ಲಿ ಮಲ್ಲಿ, ಒಂದರಲ್ಲಿ ಮಲಿ, ಇನ್ನೊಂದರಲ್ಲಿ ಮಳ್ಳಿ. ಮಲ್ಲಿ ಎಂದು ಹುಡುಕಿದರೆ ಅರ್ಧ ಮನೆಗಳು ಸಿಕ್ಕುವುದೇ ಇಲ್ಲ.

‘ಅತ್ತೀ, ಒಂದೊಂದ ಹಾಳಿ ನೋಡಿ ಮಾಡಬೇಕು. ಆಗೂದಿಲ್ಲ.’ ಎಂದೆ.

ಸಂಕವ್ವ ಗಂಟನ್ನು ಎದೆಗೆ ಒತ್ತಿಕೊಂಡಳು. ‘ಆದಷ್ಟು ಮಾಡ್ರಿ. ನಂದು ಕೊನೀಗೆ ಇಡ್ರಿ. ಸಣ್ಣ ಮಕ್ಕಳು ಇದ್ದವರದು ಮೊದಲ ಆಗಲಿ.’

ಅತ್ತೆ ಪರದೆಯನ್ನು ದಿಟ್ಟಿಸಿದರು. ಆಮೇಲೆ, ‘ಕಸ್ತೂರಿ, ಹೆಸರು ಹೆಂಗರ ಇರಲಿ. ಅದರ ಮುಂದ “ಊರು” ಅಂತ ಎಲ್ಲಾದರಾಗೂ ಐತಿ ಹೌದಿಲ್ಲೋ?’

‘ಐತಿ.’

‘ಹಂಗಾರ ಹೆಸರು ಹುಡಕೂದ್ಯಾಕ? ಊರು ಹುಡುಕು. ಆ ಸಾಲು ಪೂರ್ತಿ ಒರಸು. ಹೊಸಾದು ಬರಿ. ಒಂದು ರೊಟ್ಟಿ ನೆಟ್ಟಗ ಬಡದು ತೋರಸೂಣು.’

ಬಾಲದ ಸೊನ್ನೆ, ಏಣಿ. ಮೆಷಿನ್ ನೋಡಲು ಕೂತಿತು. ನಾನು ‘ಊರು’ ಮತ್ತು ಎರಡು ಬೊಟ್ಟು ಹುಡುಕಿದೆ. ಒಡೆದ ಬಳೆಯನ್ನೇ ದೊಡ್ಡಕ್ಷರ ಮಾಡಿ ಒತ್ತಿದರೆ ಸಾಲಿನ ಕೊನೆಯ ತನಕ ಅಳಿಸಿಹೋಗಿ ಬರೆಯುವ ಮನಸ್ಸು ಬರುತ್ತದೆ. ಊರು: ಹುರಳಿ ಎಂದು ಬರೆದೆ. ಬೆರಳು ಜಾರಿ ಹುರುಳಿ ಎಂದಾಯಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ‘ಸೊಟ್ಟ ಆತು. ಮತ್ತೊಮ್ಮೆ.’ ಲಾಳ ಒತ್ತಿ ಮೊದಲಿನಿಂದ ಶುರು. ಈ ಸಲ ನೆಟ್ಟಗೆ ಬಂತು. ಮೂಲೆಯ ಕೀಲಿ. ಬಾಲದ ಸೊನ್ನೆ.

ಹೊರಗೆ ಸಾಹೇಬರು ಕೂಗಿದರು, ‘ಬೇಗ ಬರ್ರೆವ್ವಾ, ಸೂರ್ಯಾ ಗುಡ್ಡದ ಮ್ಯಾಲ ಕುಂತಾನ!’

ಸಂಕವ್ವನ ಗಂಟಿನ ಸಂದಿಯಿಂದ ಒಂದು ಹಾಳೆ ತಲೆ ಹೊರಹಾಕಿ, ಅತ್ತಿತ್ತ ನೋಡಿದಂತೆ ಮಾಡಿತು. ಅವಳ ಸೊಸೆ ಅದನ್ನು ತಟ್ಟಿ ಒಳಗೆ ಕೂರಿಸಿದಳು.

‘ಎಷ್ಟು ಮನಿ ಉಳದಾವು?’ ಅತ್ತೆ ಕೇಳಿದರು.

‘ನಲವತ್ತು ಇರಬೇಕ್ರಿ’ ಎಂದಳು ಸಂಕವ್ವ.

ನಾಲ್ಕು, ಸೊನ್ನೆ, ಜಿಲೇಬಿ, ಏಣಿ. ಅತ್ತೆಯೇ ಒತ್ತಿದರು. ಪರದೆಯ ಮೇಲಿನ ಹಾಳೆಗಳು ಕೋಳಿ ಓಡಿದ ಹಾಗೆ ಒಂದರ ಹಿಂದೆ ಒಂದು ಓಡಿ, ಗಕ್ಕನೆ ನಿಂತವು. ನಾನು ಒಂದು ತುದಿಯಿಂದ ನೋಡುತ್ತ ಹೋದೆ. ಹುರಳಿ. ಹುರಳಿ. ಹುರಳಿ. ಮಳ್ಳಿ ಇದ್ದಲ್ಲೂ ಹುರಳಿ, ಮಲಿ ಇದ್ದಲ್ಲೂ ಹುರಳಿ. ಕುಂಬಾರರ ಹೆಸರು, ಅವರ ತಂದೆಯರ ಹೆಸರು, ಒಲೆ, ಹಿತ್ತಿಲು, ಎಲ್ಲ ಇದ್ದಲ್ಲೇ ಇದ್ದವು. ಪ್ರಿಂಟರ್ ಕಿರುಚಲು ಶುರು ಮಾಡಿತು. ಹಾಳೆ ಬಂದಂತೆ ಬಂದಂತೆ ಓಣಿಯ ಹೆಂಗಸರು ಕೈಯಿಂದ ಕೈಗೆ ದಾಟಿಸಿ ಸಾಹೇಬರಿಗೆ ಮುಟ್ಟಿಸಿದರು. ಧಡ್, ಧಡ್, ಧಡ್. ಕೊನೆಯದು ಸಂಕವ್ವನದೇ. ಅದರ ಮೇಲೆ ಮೊಹರು ಬಿದ್ದದ್ದೂ, ಅವಳ ಕಂಕುಳಲ್ಲಿದ್ದ ಹಳೆಯ ಗಂಟು ಬಿಚ್ಚಿಕೊಂಡು ಭರ್ರನೆ ಮೇಲೆದ್ದದ್ದೂ ಒಟ್ಟಿಗೇ. ಹಳೆಯ ಹಾಳೆಗಳು ಬೇವಿನ ಮರ ಸುತ್ತಿ, ಕಲ್ಲು ದಾಟಿ ಹೋದವು. ಓಣಿಯ ಮಕ್ಕಳು ಚಪ್ಪಾಳೆ ತಟ್ಟಿ ಅವುಗಳಿಗೆ ಟಾಟಾ ಮಾಡಿದರು. ಸಂಕವ್ವ ಅತ್ತೆಯ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅತ್ತೆಗೆ ಅಂಥದ್ದೆಲ್ಲ ಸೇರುವುದಿಲ್ಲ. ‘ಬಿಡವ್ವಾ, ಬೆರಳು ನೋಯಾಕತ್ತಾವು’ ಎಂದರು.

ಮರುದಿನ ಧಣಿಗಳು ಅರ್ಜಿ ಹಿಡಿದು ಓಣಿಗೆ ಬಂದರು. ಕಾಗದ ತೋರಿಸಿ ಎಂದರೆ ಎಲ್ಲ ಮನೆಯವರೂ ತೋರಿಸಿದರು. ಅವರಿಗೆ ನಂಬಿಕೆಯಾಗಲಿಲ್ಲ. ಗಟ್ಟಿಯಾಗಿ ಅರ್ಜಿ ಓದಿಸಿದರು. ಓದುತ್ತಿದ್ದ ಆಳು ಕೊನೆಯ ಸಾಲಿಗೆ ಬಂದು ತಡವರಿಸಿದ. ‘ಅರ್ಜಿದಾರರು... ಹುರಳಿನಾಥಪ್ಪ.’

‘ಯಾರ್ರೀ ಅವರು?’ ಎಂದಳು ಸಂಕವ್ವ. ‘ಇಲ್ಲೆ ಆ ಹೆಸರಿನವರು ಯಾರೂ ಇಲ್ಲಲ್ಲ.’

ಧಣಿಗಳು ಕಾಗದ ಕಿತ್ತುಕೊಂಡು ನೋಡಿದರು. ಮನೆಗೆ ಓಡಿ ಉಳಿದವನ್ನು ನೋಡಿದರು. ಗೋದಾಮು ಹುರಳಿನಾಥಪ್ಪನದು. ಗಿರಣಿ ಹುರಳಿನಾಥಪ್ಪನದು. ಮಲಗುವ ಮನೆಯೂ ಅವನದೇ. ಎಲ್ಲದರ ಮೇಲೂ ಮೊಹರು, ಇನ್ನೊಂದು ಅಮಾವಾಸ್ಯೆಯ ತನಕ ಯಾರೂ ಅಳಿಸುವಂತಿಲ್ಲ. ನಮ್ಮ ಅಂಗಡಿಗೆ ನುಗ್ಗಿ ಬಂದು ಗುಡುಗಿದರು. ಅತ್ತೆ ಶಾಂತವಾಗಿ ಹೇಳಿದರು, ‘ಲಾಳ ಒತ್ತಬಹುದಿತ್ರಿ. ನಿನ್ನೆ. ಮೊಹರು ಬಿದ್ದಮ್ಯಾಲ ಲಾಳ ನಡಿಯೂದಿಲ್ಲ.’

ಸಾಹೇಬರ ಹತ್ತಿರ ಹೋದರೆ ಅವರು ಕನ್ನಡಕ ಒರೆಸಿಕೊಂಡು ಎರಡೇ ದಾರಿ ತೋರಿಸಿದರು. ಆಸ್ತಿ ಬೇಕಾದರೆ ಒಂದು ತಿಂಗಳು ಹುರಳಿನಾಥಪ್ಪ ಆಗಿರಿ, ಮಲ್ಲಿನಾಥಪ್ಪ ಆಗಿಯೇ ಇರಬೇಕಾದರೆ ಆಸ್ತಿ ಯಾರದೆಂದು ಆಮೇಲೆ ನೋಡೋಣ. ಧಣಿಗಳು ಆಸ್ತಿಯನ್ನೇ ಆರಿಸಿಕೊಂಡರು. ಆ ತಿಂಗಳು ಅವರು ಗಿರಣಿಯ ಬಾಗಿಲಲ್ಲಿ ನಿಂತು ತಾವು ಹುರಳಿನಾಥಪ್ಪನೇ ಎಂದು ಕೂಲಿಯವರೆದುರು ಹೇಳಬೇಕಾಯಿತು, ಹಾಲಿನವನ ಎದುರೂ. ಊರವರಿಗೆ ಆ ಹೆಸರು ಬಾಯಿಗೆ ಹಿಡಿಸಿತು. ಯಾರೂ ನಗಲಿಲ್ಲ. ಬಹಳ ಮರ್ಯಾದೆಯಿಂದ, ನಿಧಾನವಾಗಿ, ಪೂರ್ತಿ ಹೆಸರು ಕರೆದರು, ಅಷ್ಟೇ.

ಮುಂದಿನ ಅಮಾವಾಸ್ಯೆಗೆ ಕಲ್ಲು ‘ನವಣೆ’ ಎಂದಿತು. ಮೆಟ್ಟಿಲ ಮೇಲೆ ಧಣಿಗಳ ಆಳು ಇರಲಿಲ್ಲ. ಉಳಿದವರದೆಲ್ಲ ಮೊದಲು ಸುಸೂತ್ರ ಆಗಲಿ, ನಮ್ಮ ಕೈ ಪಳಗಲಿ ಎಂದು ಅವರೇ ಸರದಿಯ ತುದಿಗೆ ನಿಂತಿದ್ದರು. ಈಗ ನಮಗೆ ಬದಲಿಸುವುದು ಕಷ್ಟವಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಊರೆಲ್ಲ ಮುಗಿದು, ಅವರ ಕಟ್ಟು ಬಂತು.

‘ಒಮ್ಮೆಗೇ ಮಾಡೂದೋ, ಕೇಳಿ ಕೇಳಿ ಮಾಡೂದೋ?’ ಎಂದರು ಅತ್ತೆ.

‘ಕೇಳಿ... ಕೇಳಿ ಕೇಳಿ ಮಾಡ್ರಿ ಅವ್ವಾರ. ಒಂದೊಂದೂ ಕೇಳ್ರಿ.’

ಹುರಳಿನಾಥ ಇದ್ದಲ್ಲೆಲ್ಲ ಮಲ್ಲಿನಾಥ ಮಾಡು ಎಂದು ಮೊದಲೊಂದು ಆಜ್ಞೆ ಕೊಟ್ಟಿದ್ದರೆ ಅರ್ಧ ಕೆಲಸ ಆಗಲೇ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ಅತ್ತೆ ನನ್ನ ಕಾಲು ತುಳಿದರು. ಧಣಿಗಳಿಗೆ ಸ್ಟೂಲು ಹಾಕಿ ಪಕ್ಕದಲ್ಲಿ ಕೂರಿಸಿಕೊಂಡರು. ಎರಡು ಬೊಟ್ಟು, ಹಾವು, ಕೋಲು, ಕೊನೆಗೆ ಒಡೆದ ಬಳೆ. ಮೆಷಿನ್ ಮೊದಲ ಹುರಳಿಯ ಮೇಲೆ ನಿಂತಿತು.

‘ಇದು ಊರೇನ್ರಿ?’

ಧಣಿಗಳು ಬಗ್ಗಿ ನೋಡಿದರು. ‘ಅದು ಊರು.’

‘ಇದು?’

‘ಅದು... ಅದು ನಾನು.’

‘ಇದು?’

‘ಅದೂ ನಾನು.’

‘ಇದು?’

ಬೆವರು ಒರೆಸಿಕೊಂಡರು. ‘ಅದು ಬೆಳಿ. ಹಳ್ಳದ ಹೊಲದಾಗ ಹುರಳಿ ಬಿತ್ತೀನಿ.’

ಸುದ್ದಿ ಹಬ್ಬಿತು. ಕೆಲಸ ಮುಗಿಸಿ ಹೋದವರೆಲ್ಲ ವಾಪಸ್ಸು ಬಂದು ಬಾಗಿಲು, ಕಿಟಕಿ ತುಂಬಿಕೊಂಡರು. ಕುಂಬಾರ ಓಣಿಯವರು ಶೇಂಗಾ ತಿನ್ನುತ್ತ ನೆಲದ ಮೇಲೆ ಕೂತರು. ಊರು, ನಾನು, ಬೆಳೆ. ನಾನು, ನಾನು, ಊರು. ಊರಾದದ್ದು ನವಣೆಯಾಯಿತು, ಬೆಳೆ ಹಾಗೇ ಉಳಿಯಿತು, ನಾನು ಎಂದದ್ದನ್ನು ಕೊನೆಗೆ ಮಲ್ಲಿನಾಥ ಮಾಡುವುದಕ್ಕೆ ಬಿಟ್ಟೆವು. ಮಧ್ಯಾಹ್ನ ಹೀಗೇ ಸರಿಯಿತು. ಸುಸ್ತಾಗಿ ಧಣಿಗಳು ಒಮ್ಮೆ ಊರಿಗೆ ನಾನು ಎಂದರೆ, ಕಿಟಕಿಯ ಕಡೆಯಿಂದ ‘ಊರು ಊರು, ಸರಿಯಾಗಿ ನೋಡ್ರಿ ಧಣ್ಯಾರ!’ ಎಂದು ಕೂಗು ಬರುತ್ತಿತ್ತು. ಅವರು ಕಣ್ಣು ಕಿರಿದು ಮಾಡಿ ಮತ್ತೆ ಓದಿ, ಹೌದು ಎನ್ನುತ್ತಿದ್ದರು. ಆ ಕೂಗಿದವರಲ್ಲಿ ಸಂಕವ್ವನೂ ಇದ್ದಳು. ಅವರ ಕಾಗದವೂ ಕೆಡಬಾರದಲ್ಲ.

ಬಿಸಿಲು ಕೆಂಪಾದಾಗ ಕೊನೆಯದು ಬಂತು. ‘ಈ ಕೆಳಗೆ ಸಹಿ ಮಾಡಿದ ಹುರಳಿಯ ಯಜಮಾನರು’ ಎಂದಿತ್ತು ಸಾಲು. ಎಂದೋ ಅವರೇ ಹೇಳಿ ಬರೆಸಿದ್ದು.

‘ಇದು?’ ಎಂದರು ಅತ್ತೆ.

ಯಾರೂ ಶೇಂಗಾ ಒಡೆಯಲಿಲ್ಲ. ಧಣಿಗಳು ಪರದೆ ನೋಡಿದರು, ಕಿಟಕಿ ತುಂಬ ಇದ್ದ ಮುಖಗಳನ್ನು ನೋಡಿದರು, ಮತ್ತೆ ಪರದೆ ನೋಡಿದರು.

‘ಅದು ಊರು’ ಎಂದರು. ಆಮೇಲೆ ಸಾಲಿನ ಮೇಲೆ ಬೆರಳಿಟ್ಟು, ‘ಆ ಯಜಮಾನ ಅನ್ನೂದನ್ನ ತಗದುಬಿಡ್ರಿ. ನವಣೆಯ ನಿವಾಸಿ ಅಂತ ಹಾಕ್ರಿ’ ಎಂದರು.

ಅತ್ತೆ ಹಾಗೆಯೇ ಹಾಕಿಸಿದರು. ಹಾಳೆ ಹೊರಬಂತು, ಕೈಯಿಂದ ಕೈಗೆ ದಾಟಿ ಬೇವಿನಡಿಗೆ ಹೋಯಿತು. ದಸ್ತಗೀರ್ ಸಾಹೇಬರು ಮೊಹರು ಎತ್ತಿದರು. ಹಾಳೆಯ ಒಂದು ಅಂಚು ಹಾರಬೇಕೆಂಬಂತೆ ಮೇಲೆದ್ದಿತ್ತು. ಮೊಹರು ಬಿದ್ದೊಡನೆ ಸುಮ್ಮನೆ ಮಲಗಿತು.